ಬಿಗಿದ ಬಾಲ್ ಜಾಯಿಂಟ್ ಬಿಡಿಸಲು ಫೋರ್ಕಾ, ಸುತ್ತಿಗೆಯಾ, ಪುಲ್ಲರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಕ್ರೂ ಪುಲ್ಲರ್‌ಗೆ. ಮಂಗಳೂರಿನ ಬಂದರಿನಲ್ಲಿ ಸಾವಿರ ರೂಪಾಯಿ ಆಸುಪಾಸು ಕೊಟ್ಟು ತಂದದ್ದು. ಮೂರನ್ನೂ ನನ್ನ ಹಳೇ ಕಾರಿನ ಟೈರಾಡ್ ಎಂಡ್ (ಸ್ಟೇರಿಂಗ್ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್) ಮೇಲೆ ಪ್ರಯೋಗ ಮಾಡಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಸುರತ್ಕಲ್ ಕಡೆ ವರ್ಷವಿಡೀ ಕಡಲಿನ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ. ನಟ್ ಬಿಚ್ಚಿದರೂ ಜಾಯಿಂಟ್ ಅಲ್ಲಾಡುವುದಿಲ್ಲ. ಜಾಯಿಂಟಿನ ಸ್ಟಡ್, ಅಂದರೆ ಗುಂಡಿನಿಂದ ಹೊರಬರುವ ಕಡ್ಡಿ, ತುದಿಯ ಕಡೆಗೆ ಸಪೂರ ಆಗುತ್ತಾ ಹೋಗುತ್ತದೆ. ನಟ್ ಬಿಗಿದಷ್ಟೂ ನಕಲ್‌ನ (ಚಕ್ರವನ್ನು ಹಿಡಿದಿರುವ ಲೋಹದ ತುಂಡು) ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ತುಕ್ಕು ಬೇರೆ.

ಫೋರ್ಕ್ ಅಂದರೆ ಎರಡು ಕವಲಿನ ಬೆಣೆ. ನಕಲ್‌ಗೂ ಜಾಯಿಂಟಿನ ಗ್ರೀಸ್ ಕಾಯುವ ರಬ್ಬರ್ ಬೂಟ್‌ಗೂ ನಡುವೆ ತೂರಿಸಿ ಹಿಂದಿನಿಂದ ಹೊಡೆಯುವುದು. ಬೇಗ ಬಿಡುತ್ತದೆ, ಸುಳ್ಳಲ್ಲ. ಆದರೆ ಬೂಟ್ ಉಳಿಯುವುದು ಅಪರೂಪ ಮಾರಾಯ್ರೆ.

ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಬೂಟ್ ಬದಲಾಯಿಸಲು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಟೈರಾಡ್ ಎಂಡ್‌ಗೆ ಏನೂ ಆಗಿರಲಿಲ್ಲ, ದಾರಿಗೆ ಅಡ್ಡ ಅಂತ ಬಿಚ್ಚಿದ್ದು ಅಷ್ಟೇ. ಫೋರ್ಕ್ ಹಾಕಿ ತೆಗೆದರು, ಹಾಗೆಯೇ ವಾಪಸ್ ಕೂರಿಸಿದರು. ಮಳೆ ಶುರುವಾದ ಮೇಲೆ ಸ್ಟೇರಿಂಗಿನಲ್ಲಿ ಕಟಕಟ ಸದ್ದು. ಕೆಳಗೆ ಬಗ್ಗಿ ನೋಡಿದರೆ ಟೈರಾಡ್ ಎಂಡ್‌ನ ಬೂಟ್ ಅರ್ಧ ಸುತ್ತು ಸೀಳಿತ್ತು. ಗ್ರೀಸ್ ತೊಳೆದುಹೋಗಿ ಕಂದು ಬಣ್ಣದ ನೀರು ಒಸರುತ್ತಿತ್ತು.

ಬೂಟ್ ಒಂದೇ ಕೇಳಿದರೆ ಅಂಗಡಿಯಲ್ಲಿ ಸಿಗಲಿಲ್ಲ, ಇಡೀ ಟೈರಾಡ್ ಎಂಡ್ ತೆಗೆದುಕೊಳ್ಳಬೇಕಾಯಿತು. ಹೊಸತು ಹಾಕಿದರೆ ವೀಲ್ ಅಲೈನ್‌ಮೆಂಟ್ ಖರ್ಚೂ ಬಂತು. ಹಳೆಯದನ್ನೇ ಬೂಟ್ ಸೀಳದಂತೆ, ಲಾಕ್ ನಟ್ (ಟೈರಾಡ್ ಎಂಡನ್ನು ಸರಳಿನ ಮೇಲೆ ಅಲ್ಲಾಡದಂತೆ ಹಿಡಿಯುವ ನಟ್) ಮುಟ್ಟದೆ ಬಿಡಿಸಿ ಕೂರಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ ಅಲ್ವಾ? ಹಳೇ ಜಾಯಿಂಟ್ ಗುಜರಿಗೇ ಹೋಗುವುದಾದರೆ ಫೋರ್ಕ್ ಆಗಬಹುದು. ಗಟ್ಟಿಮುಟ್ಟಾಗಿ ಇರುವುದಕ್ಕೆ ಬೇಡವೇ ಬೇಡ.

ಸುತ್ತಿಗೆಗೆ ಖರ್ಚಿಲ್ಲ. ಸ್ಟಡ್‌ಗೆ ಹೊಡೆಯಬಾರದು, ಸ್ಟಡ್ ಕೂತಿರುವ ನಕಲ್‌ನ ಕಿವಿಯ ಪಕ್ಕಕ್ಕೆ ಬಲವಾಗಿ ಹೊಡೆಯಬೇಕು. ತುಕ್ಕು ಕಮ್ಮಿ ಇದ್ದರೆ ಬಿಡುತ್ತದೆ. ಆದರೆ ಚಕ್ರದ ಗೂಡಿನೊಳಗೆ ಸುತ್ತಿಗೆ ಬೀಸಲು ಜಾಗವೇ ಇಲ್ಲ.

ಬಿಸಿ ಮಾಡಿ ಬಿಡಿಸೋಣ ಅಂದರೆ ಗ್ಯಾಸ್ ಟಾರ್ಚ್ ಬೂಟನ್ನೂ ಗ್ರೀಸನ್ನೂ ಸುಡುತ್ತದೆ. ನಾನು ಅದರ ತಂಟೆಗೆ ಹೋಗುವುದಿಲ್ಲ.

ಪುಲ್ಲರ್‌ನ ಒಂದು ದವಡೆ ನಕಲ್‌ಗೂ ಬೂಟ್‌ಗೂ ನಡುವೆ ಕೂರುತ್ತದೆ, ಇನ್ನೊಂದು ಸ್ಟಡ್ ತುದಿಯನ್ನು ಒತ್ತುತ್ತದೆ. ನಟ್ ಪೂರ್ತಿ ತೆಗೆಯಬೇಡಿ. ಸ್ಟಡ್ ತುದಿಗೆ ಸಮ ಬರುವಷ್ಟು ಬಿಟ್ಟರೆ ಮರೆ (ಥ್ರೆಡ್) ಹಾಳಾಗುವುದಿಲ್ಲ, ಜಾಯಿಂಟ್ ಹಾರಿ ಮುಖಕ್ಕೆ ಬಡಿಯುವುದೂ ಇಲ್ಲ. ಬಿಗಿ ಮಾಡಿಯೂ ಬಿಡದಿದ್ದರೆ ಸ್ಪಾನರ್‌ಗೆ ಪೈಪ್ ಹಾಕಿ ಜಗ್ಗಬೇಡಿ, ಪುಲ್ಲರ್ ಮುರಿಯುತ್ತದೆ. ಬಿಗಿ ಹಾಗೇ ಇಟ್ಟು ನಕಲ್‌ಗೆ ಪಕ್ಕದಿಂದ ಒಂದೆರಡು ಏಟು ಕೊಡಿ. 'ಠಪ್' ಅಂತ ಬಿಡುತ್ತದೆ. ಆ ಸದ್ದಿಗೆ ಮನೆಯವರು ಹೊರಗೆ ಓಡಿ ಬಂದದ್ದುಂಟು. ಬೂಟ್‌ಗೆ ಗೀರೂ ಬಿದ್ದಿರಲಿಲ್ಲ.

ಕೊಳ್ಳುವಾಗ ಬಾಯಿಯ ಅಳತೆ ನೋಡಿ. ದವಡೆ ದಪ್ಪ ಇದ್ದರೆ ಬೂಟ್ ಸಂದಿಗೆ ಹೋಗುವುದಿಲ್ಲ. ಸ್ಕ್ರೂವಿಗೆ ಗ್ರೀಸ್ ಹಚ್ಚಿ. ಮಳೆಗಾಲದಲ್ಲಿ ಅಂಗಳದ ಮಣ್ಣು ಮೆತ್ತಗಿರುತ್ತದೆ, ಜಾಕ್ ಸ್ಟ್ಯಾಂಡ್ ಅಡಿಗೆ ಹಲಗೆ ಇಡದೆ ಕಾರಿನ ಕೆಳಗೆ ಕೈ ಹಾಕಬೇಡಿ.

ಹಾಂ, ಕೆಲವು ಸಣ್ಣ ಕಾರುಗಳ ಲೋವರ್ ಆರ್ಮ್ (ನಕಲನ್ನು ಕೆಳಗಿನಿಂದ ಹಿಡಿಯುವ ತೋಳು) ಜಾಯಿಂಟ್‌ನಲ್ಲಿ ಸ್ಟಡ್ ಸಪೂರ ಆಗುವುದಿಲ್ಲ, ಅಡ್ಡ ಬೋಲ್ಟ್ ಅದನ್ನು ಹಿಡಿದಿರುತ್ತದೆ. ಅಲ್ಲಿ ಪುಲ್ಲರ್‌ಗೆ ಕೆಲಸ ಇಲ್ಲ. ಬೋಲ್ಟ್ ಪೂರ್ತಿ ಹೊರಗೆ ತೆಗೆದು, ನಕಲ್‌ನ ಸೀಳಿಗೆ ಉಳಿ ಇಟ್ಟು ತುಸು ಅಗಲ ಮಾಡಿ, ಆರ್ಮ್ ಕೆಳಕ್ಕೆ ಒತ್ತಿದರೆ ಆಯ್ತು.

ಕಾರಿನ ಕೆಲಸ ಭಾನುವಾರ ಮನೆಯಲ್ಲೇ ಮಾಡುವ ಅಭ್ಯಾಸ ನನ್ನದು, ಹಾಗಾಗಿ ಪುಲ್ಲರ್‌ಗೆ ಕೊಟ್ಟ ದುಡ್ಡು ಜಾಸ್ತಿ ಅನಿಸಲಿಲ್ಲ. ಗ್ಯಾರೇಜಿಗೇ ಕೊಡುವವರಾದರೆ ಪುಲ್ಲರ್ ಕೊಳ್ಳಬೇಕಿಲ್ಲ. ಫೋರ್ಕ್ ಹಾಕಬೇಡಿ ಅಂತ ಕಾರು ಬಿಡುವಾಗಲೇ ಹೇಳಿಬಿಡಿ.