ಗೂಗಲ್ ಸರ್ಚ್ ಕನ್ಸೋಲ್: ಘಾಟ್ಕೋಪರ್‌ನ ಒಂದು ಅಂಗಡಿಗಾಗಿ ವರ್ಷಗಟ್ಟಲೆ ಬಳಸಿದ ಮೇಲೆ

ಮುಂಬೈನ ಘಾಟ್ಕೋಪರ್‌ನಲ್ಲಿ ನಮ್ಮ ಅಣ್ಣನದ್ದು ಊರಿನ ಸಾಮಾನಿನ ಅಂಗಡಿ. ಕುಚ್ಚಲಕ್ಕಿ, ಕೋರಿ ರೊಟ್ಟಿ, ಹಪ್ಪಳ, ಬ್ಯಾಡಗಿ ಮೆಣಸು, ಮಳೆಗಾಲದಲ್ಲಿ ಕೆಸುವಿನ ಎಲೆ, ನಾಗರ ಪಂಚಮಿಗೆ ಅರಶಿನ ಎಲೆ. ಮುಂಬೈ ತುಂಬಾ ಮನೆಗೆ ಕಳಿಸುತ್ತೇವೆ, ಹಾಗಾಗಿ ವೆಬ್‌ಸೈಟ್ ಬೇಕೇ ಬೇಕು. ಅದನ್ನು ನೋಡಿಕೊಳ್ಳುವುದು ನಾನು. ಗೂಗಲ್ ಸರ್ಚ್ ಕನ್ಸೋಲ್ ಇಲ್ಲದೆ ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಕೊನೆಗೆ ಹೇಳುತ್ತೇನೆ.

ಹಳಬರಿಗೆ ಇದು ವೆಬ್‌ಮಾಸ್ಟರ್ ಟೂಲ್ಸ್ ಅಂತ ಗೊತ್ತು, 2015ರಲ್ಲಿ ಹೆಸರು ಬದಲಾಯಿತು. ಪೂರ್ತಿ ಉಚಿತ. ಇದನ್ನು ಹಾಕಿಕೊಂಡ ಮಾತ್ರಕ್ಕೆ ನಿಮ್ಮ ಸೈಟ್ ಮೇಲೆ ಬರುವುದಿಲ್ಲ. ಗೂಗಲ್‌ನಲ್ಲಿ ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು, ಯಾವ ಪುಟವನ್ನು ಗೂಗಲ್ ತನ್ನ ಪಟ್ಟಿಗೆ ಸೇರಿಸಿಕೊಂಡಿಲ್ಲ, ಯಾಕೆ ಸೇರಿಸಿಕೊಂಡಿಲ್ಲ, ಇಷ್ಟನ್ನು ತೋರಿಸುತ್ತದೆ. ನಮ್ಮಂಥ ಸಣ್ಣ ಅಂಗಡಿಯವರಿಗೆ ಇದರಿಂದ ಆಗುವ ದೊಡ್ಡ ಲಾಭ ಒಂದೇ: ಯಾರೇ ಬಂದು ಏನೇ ಹೇಳಿದರೂ ನಾವೇ ಪರೀಕ್ಷೆ ಮಾಡಬಹುದು.

ನಾನು ಕೈ ಹಾಕುವ ಮುಂಚೆ ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅನ್ನುವ ಒಂದು ಏಜೆನ್ಸಿಗೆ ಅಣ್ಣ ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದ. ತಿಂಗಳ ಕೊನೆಗೆ ಬಣ್ಣಬಣ್ಣದ ಪಿಡಿಎಫ್ ಬರುತ್ತಿತ್ತು, ಅದರಲ್ಲಿ ಎಲ್ಲ ಕೀವರ್ಡ್‌ಗೂ, ಅಂದರೆ ಜನ ಹುಡುಕುವ ಪದಗಳಿಗೂ, ಒಂದನೇ ಸ್ಥಾನ. 'ಹೆಸರು ಹಾಕಿದ್ರೆ ನಮ್ದೇ ಮೊದಲು ಬರ್ತದಲ್ಲ ಮಾರಾಯ' ಅಂತ ಅಣ್ಣನಿಗೂ ಸಮಾಧಾನ. ಕನ್ಸೋಲ್‌ನ ಪರ್ಫಾರ್ಮೆನ್ಸ್ ರಿಪೋರ್ಟ್ ತೆಗೆದು, ಅಂಗಡಿಯ ಹೆಸರಿರುವ ಹುಡುಕಾಟಗಳನ್ನೆಲ್ಲ ಫಿಲ್ಟರ್ ಹಾಕಿ ಹೊರಗಿಟ್ಟೆ. ಉಳಿದದ್ದು ಬೆರಳೆಣಿಕೆಯ ಕ್ಲಿಕ್. ಅಂಗಡಿಯ ಹೆಸರು ಗೊತ್ತಿರುವವನು ಹೇಗೂ ನಮ್ಮ ಹತ್ತಿರ ಬರುತ್ತಾನೆ ಅಲ್ವಾ? ಬೇಕಾಗಿರುವುದು ಹೆಸರು ಗೊತ್ತಿಲ್ಲದೆ 'ಕೋರಿ ರೊಟ್ಟಿ ಮುಂಬೈ' ಅಂತ ಹಾಕುವವನು. ಸೈಟ್‌ನ ಒಳಗೆ ಮೆಟಾ ಕೀವರ್ಡ್ಸ್ ಅಂತ, ಓದುವವರಿಗೆ ಕಾಣದ ಒಂದು ಟ್ಯಾಗಿನಲ್ಲಿ, ನೂರಾರು ಪದ ತುಂಬಿಸಿಟ್ಟಿದ್ದರು, ಅದಕ್ಕೂ ಬಿಲ್ಲು ಹಾಕಿದ್ದರು. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಒಂದನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅನ್ನುವುದೂ ಗೂಗಲ್‌ನದ್ದೇ ಮಾತು. ಇವತ್ತಿಗೂ ಎಷ್ಟೋ ನಮ್ಮವರು, ಹೋಟೆಲಿನವರು, ಕ್ಯಾಟರಿಂಗ್‌ನವರು, ಇದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕನ್ಸೋಲ್‌ನ ಮಾಲೀಕತ್ವ ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ. ನಮ್ಮದು ಏಜೆನ್ಸಿಯ ಖಾತೆಯಲ್ಲಿ ಇತ್ತು. ಡೊಮೇನ್ ಕೊಂಡ ಕಡೆ ಡಿಎನ್ಎಸ್ ಅನ್ನುವ ಸೆಟ್ಟಿಂಗ್‌ನಲ್ಲಿ ಗೂಗಲ್ ಕೊಡುವ ಒಂದು ಸಾಲನ್ನು (ಟಿಎಕ್ಸ್‌ಟಿ ದಾಖಲೆ) ಸೇರಿಸಿದರೆ ಪೂರ್ತಿ ಡೊಮೇನ್ ನಿಮ್ಮ ಹೆಸರಿನಲ್ಲಿ ದೃಢವಾಗುತ್ತದೆ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು ಇಲ್ಲದಿರುವುದು ಎಲ್ಲ ಒಂದೇ ಕಡೆ ಬರುತ್ತದೆ. ಹಳೆಯ ಮಾಲೀಕನನ್ನು ಪಟ್ಟಿಯಿಂದ ತೆಗೆದರೆ ಸಾಲದು. ಅವರು ದೃಢೀಕರಣಕ್ಕೆ ಹಾಕಿದ್ದ ಫೈಲೋ ಟ್ಯಾಗೋ ಸೈಟ್‌ನಲ್ಲಿ ಉಳಿದಿದ್ದರೆ ಮತ್ತೆ ಒಳಗೆ ಬರಬಹುದು, ಅದನ್ನೂ ಅಳಿಸಬೇಕು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪುಟಗಳ ಇಂಡೆಕ್ಸಿಂಗ್ ರಿಪೋರ್ಟ್, ಅಂದರೆ ಯಾವ ಪುಟ ಗೂಗಲ್‌ನ ಪಟ್ಟಿಗೆ ಸೇರಿದೆ, ಯಾವುದು ಸೇರಿಲ್ಲ ಅನ್ನುವುದು. ಒಮ್ಮೆ ಸೈಟನ್ನು ಹೊಸದಾಗಿ ಮಾಡಿಸಿದೆವು. ಚೆಂದ ಬಂತು. ಆದರೆ ಒಂದೊಂದೇ ಪುಟ ಗೂಗಲ್‌ನಿಂದ ಕಾಣೆಯಾಗತೊಡಗಿತು, ಫೋನ್ ಬರುವುದೂ ಕಡಿಮೆಯಾಯಿತು. ರಿಪೋರ್ಟ್ ತೆಗೆದರೆ ಕಾರಣ ಅಲ್ಲೇ ಬರೆದಿತ್ತು: ನೋಇಂಡೆಕ್ಸ್ ಟ್ಯಾಗ್, ಈ ಪುಟವನ್ನು ಪಟ್ಟಿಗೆ ಸೇರಿಸಬೇಡಿ ಅನ್ನುವ ಗುರುತು. ನಮ್ಮ ಸೈಟ್ ಕಟ್ಟಿದ ವರ್ಡ್‌ಪ್ರೆಸ್ ಸಾಫ್ಟ್‌ವೇರ್‌ನಲ್ಲಿ ಸರ್ಚ್ ಇಂಜಿನ್‌ಗಳು ಬರುವುದು ಬೇಡ ಅಂತ ಹೇಳುವ ಒಂದು ಟಿಕ್ ಬಾಕ್ಸ್ ಇದೆ, ಸೈಟ್ ಕಟ್ಟುವಾಗ ಅದನ್ನು ಆನ್ ಮಾಡಿ ಇಡುತ್ತಾರೆ. ಮಾಡಿಕೊಟ್ಟವರು ಅದನ್ನು ತೆಗೆಯದೆ ಹೋಗಿದ್ದರು. ತೆಗೆದ ಮೇಲೂ ಎಲ್ಲ ಒಂದೇ ದಿನಕ್ಕೆ ಸರಿ ಆಗಲಿಲ್ಲ. ಮುಖ್ಯ ಪುಟಗಳಿಗೆ ಒಂದೊಂದು ಪುಟದ ವಿಳಾಸ ಹಾಕಿ ಪರೀಕ್ಷಿಸುವ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಿಂದ ಮತ್ತೆ ಬಂದು ನೋಡಿ ಅಂತ ಕೋರಿಕೆ ಕಳಿಸಬಹುದು, ಆದರೆ ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಕೋರಿಕೆ ಕಳಿಸಿದ ಮಾತ್ರಕ್ಕೆ ಸೇರಿಸಿಕೊಳ್ಳಬೇಕು ಅಂತಲೂ ಇಲ್ಲ. ಉಳಿದವಕ್ಕೆ ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ಕೊಟ್ಟು ಸುಮ್ನೆ ಕಾಯುವುದೇ ದಾರಿ. ಕೆಲವು ದಿನ ಆಗಬಹುದು, ಕೆಲವು ವಾರವೂ ಆಗಬಹುದು.

ಅದೇ ಇನ್‌ಸ್ಪೆಕ್ಷನ್‌ನಲ್ಲಿ ಗೂಗಲ್‌ಗೆ ನಮ್ಮ ಪುಟದಲ್ಲಿ ಏನು ಸಿಕ್ಕಿದೆ ಅಂತಲೂ ನೋಡಬಹುದು. ನಮ್ಮ ಹಪ್ಪಳದ ಪುಟದಲ್ಲಿ ಇದ್ದದ್ದು ಒಂದೇ ಒಂದು ಫೋಟೋ, ರೇಟ್ ಕಾರ್ಡ್‌ನದ್ದು. ಹೆಸರು, ತೂಕ, ಬೆಲೆ ಎಲ್ಲ ಆ ಫೋಟೋದೊಳಗೆ. ಪುಟದಲ್ಲಿ ಅಕ್ಷರವೇ ಇಲ್ಲ ಅಂದರೆ ಹಲಸಿನ ಹಪ್ಪಳ ಹುಡುಕುವವರಿಗೆ ಅದು ಸಿಗುವುದಾದರೂ ಹೇಗೆ? ಅತ್ತಿಗೆ ಕೂತು ಒಂದೊಂದು ಹಪ್ಪಳದ ಬಗ್ಗೆಯೂ ನಾಲ್ಕು ಸಾಲು ಹೇಳಿದರು, ಯಾವುದಕ್ಕೆ ಏನು ಹಾಕುತ್ತಾರೆ, ಎಷ್ಟು ದಿನ ಇಡಬಹುದು, ಎಣ್ಣೆ ಎಷ್ಟು ಕಾದಿರಬೇಕು ಅಂತೆಲ್ಲ, ನಾನು ಹಾಗೆ ಹಾಗೇ ಟೈಪ್ ಮಾಡಿದೆ. ಆ ಪುಟ ಆಮೇಲೆ ಚೇತರಿಸಿಕೊಂಡಿತು. ಟೈಟಲ್‌ಗಳನ್ನೂ ಬದಲಾಯಿಸಿದೆ. ಮೊದಲು ಎಲ್ಲ ಪುಟಕ್ಕೂ ಒಂದೇ ಟೈಟಲ್ ಇತ್ತು. ಈಗ ಒಳಗೆ ಏನಿದೆಯೋ ಅದೇ ಟೈಟಲ್. ಗೂಗಲ್ ಕೆಲವೊಮ್ಮೆ ತನಗೆ ಬೇಕಾದ ಹಾಗೆ ಟೈಟಲ್ ತೋರಿಸುತ್ತದೆ, ಆದರೂ ನಮ್ಮದು ಸರಿಯಾಗಿದ್ದರೆ ಜಾಸ್ತಿ ಸಲ ಅದನ್ನೇ ಇಟ್ಟುಕೊಳ್ಳುತ್ತದೆ.

ಹಬ್ಬದ ಸಾಮಾನು ಮಾರುವವರಿಗೆ ಇನ್ನೊಂದು ಮುಖ್ಯ ವಿಷಯ. ಇಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಅಂದರೆ ಈ ವರ್ಷದ ನಾಗರ ಪಂಚಮಿಯನ್ನು ಹೋದ ವರ್ಷದ್ದಕ್ಕೆ ಹೋಲಿಸಬಹುದು. ಅರಶಿನ ಎಲೆಯ ಹುಡುಕಾಟ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಒಮ್ಮೆಲೇ ಏರಿ, ಹಬ್ಬ ಮುಗಿದ ಕೂಡಲೇ ಇಳಿಯುತ್ತದೆ. ಹಾಗಾಗಿ ಆ ಪುಟವನ್ನು ಆಟಿ ತಿಂಗಳಿಗಿಂತ ಮುಂಚೆಯೇ ಸರಿಮಾಡಿ ಇಡುತ್ತೇನೆ. ಹಬ್ಬ ಆದ ಮೇಲೂ ಪುಟ ಅಳಿಸುವುದಿಲ್ಲ, ಅದೇ ವಿಳಾಸದಲ್ಲಿ 'ಮುಂದಿನ ಮಳೆಗಾಲಕ್ಕೆ ಸಿಗುತ್ತದೆ' ಅಂತ ಬರೆದು ಬಿಡುತ್ತೇನೆ. ವರ್ಷ ವರ್ಷ ಹೊಸ ಪುಟ ಮಾಡಿದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕು. 16 ತಿಂಗಳಿಗಿಂತ ಹಳೆಯದು ಹೋಗಿಬಿಡುತ್ತದೆ, ಆದ್ದರಿಂದ ಆಗಾಗ ಗೂಗಲ್ ಶೀಟ್ಸ್‌ಗೆ ಇಳಿಸಿಕೊಳ್ಳಿ.

ಹುಡುಕಿದಾಗ ನಮ್ಮ ಪುಟ ಸರಾಸರಿ ಎಷ್ಟನೆಯದಾಗಿ ಬರುತ್ತದೆ ಅಂತ ಹೇಳುವ ಸರಾಸರಿ ಸ್ಥಾನ ಅನ್ನುವ ಅಂಕಿಯನ್ನು ಒಂಟಿಯಾಗಿ ನಂಬಬೇಡಿ. ಹೊಸ ಪುಟ ಹಾಕಿದಾಗ ಅದು ಹೊಸ ಹೊಸ ಹುಡುಕಾಟಗಳಿಗೆ ಕೆಳಗೆಲ್ಲೋ ಕಾಣಿಸತೊಡಗುತ್ತದೆ, ಆಗ ಹಳೆಯದು ಒಂದೂ ಇಳಿಯದಿದ್ದರೂ ಒಟ್ಟು ಸರಾಸರಿ ಕೆಡುತ್ತದೆ. ಒಂದೊಂದು ಪುಟ, ಒಂದೊಂದು ಹುಡುಕಾಟ ತೆಗೆದು ನೋಡಬೇಕು. ಎಲ್ಲ ಹುಡುಕಾಟವೂ ಪಟ್ಟಿಯಲ್ಲಿ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ತೀರಾ ಕಡಿಮೆ ಜನ ಹಾಕಿದ್ದನ್ನು ಅವರ ಗೋಪ್ಯತೆಗಾಗಿ ಬಚ್ಚಿಡುತ್ತಾರೆ. ಸಣ್ಣ ಸೈಟ್‌ಗಳಿಗೆ ಇದು ನಿಜವಾದ ತೊಂದರೆ, ಯಾಕೆಂದರೆ ನಮ್ಮ ಗಿರಾಕಿಗಳ ಹುಡುಕಾಟವೇ ಅಂಥದ್ದು. ಸೈಟ್‌ನ ವೇಗದ ರಿಪೋರ್ಟ್ ಕೂಡ ನಮ್ಮಲ್ಲಿ ಬಹಳ ಕಾಲ ಖಾಲಿಯೇ ಇತ್ತು, ಅಷ್ಟು ಜನ ಬಂದರೆ ಮಾತ್ರ ಅದು ತುಂಬುವುದು.

ಮುಂಬೈನಲ್ಲೇ ದೂರದ ಬೊರಿವಲಿಯಲ್ಲಿ ಕೂತು 'ಮ್ಯಾಂಗಲೋರ್ ಸ್ಟೋರ್ ನಿಯರ್ ಮಿ' ಅಂತ ಹಾಕುವವರಿಗೆ ಘಾಟ್ಕೋಪರ್‌ನ ಅಂಗಡಿ ಮ್ಯಾಪ್‌ನಲ್ಲಿ ಬರುವುದು ಕಷ್ಟ. ಅಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ಮ್ಯಾಪ್ ನೋಡಿ ಫೋನ್ ಮಾಡಿದವರ ಲೆಕ್ಕ ಕನ್ಸೋಲ್‌ನಲ್ಲಿ ಸಿಗುವುದೂ ಇಲ್ಲ, ಅದು ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಮಾಹಿತಿಯನ್ನು ನೋಡಿಕೊಳ್ಳುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಬೇರೆ ಇರುತ್ತದೆ. ಅಂಗಡಿ ಇರುವವರು ಎರಡನ್ನೂ ನೋಡಬೇಕು.

ಕನ್ಸೋಲ್‌ನಿಂದ ಗೂಗಲ್ ಕಳಿಸುವ ಇ-ಮೇಲ್‌ಗಳು ಮಾತ್ರ ನನಗೆ ಹಿಡಿಸುವುದಿಲ್ಲ. ನಿಮ್ಮ ಪುಟಗಳು ಇಂಡೆಕ್ಸ್ ಆಗದಂತೆ ಹೊಸ ಕಾರಣ ತಡೆಯುತ್ತಿದೆ ಅಂತ ಬರುತ್ತದೆ, ಅಣ್ಣ ಗಾಬರಿಯಾಗಿ ಫೋನ್ ಮಾಡುತ್ತಾನೆ. ತೆಗೆದು ನೋಡಿದರೆ ನಾವೇ ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸಿದ್ದು. ಅದು ಇಂಡೆಕ್ಸ್ ಆಗಲೇಬಾರದು. ಯಾವುದು ಚಿಂತೆ ಮಾಡಬೇಕಾದದ್ದು, ಯಾವುದು ಬೇಡ ಅಂತ ಆ ಮೇಲ್‌ನಲ್ಲೇ ಎರಡು ಮಾತಿನಲ್ಲಿ ಹೇಳಬಹುದಿತ್ತು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕಲ್ಲ. 2024ರ ಆಗಸ್ಟ್‌ನಲ್ಲಿ ಭಾರತದಲ್ಲೂ ಎಐ ಓವರ್‌ವ್ಯೂ ಬಂತು, ಹುಡುಕಿದ ಕೂಡಲೇ ಮೇಲೆ ಉತ್ತರವೇ ಬರೆದು ತೋರಿಸುವುದು. ಅತ್ತಿಗೆ ಹೇಳಿ ಬರೆಸಿದ ಪತ್ರೊಡೆಯ ಪುಟ ಈಗ ಮೊದಲಿಗಿಂತ ಜಾಸ್ತಿ ಸಲ ಕಾಣಿಸಿಕೊಳ್ಳುತ್ತಿದೆ ಅಂತ ಕನ್ಸೋಲ್ ಹೇಳುತ್ತದೆ, ಕ್ಲಿಕ್ ಮಾತ್ರ ಇಳಿಯುತ್ತಾ ಬಂದಿದೆ. ಇದಕ್ಕೆ ಆ ಉತ್ತರವೇ ಕಾರಣವೋ, ಬೇರೆ ಏನಾದರೂ ಇದೆಯೋ ಅಂತ ತಿಳಿಯೋಣ ಅಂದರೆ ಎರಡರ ಲೆಕ್ಕವನ್ನೂ ಒಟ್ಟಿಗೇ ಸೇರಿಸಿ ಕೊಡುತ್ತಾರೆ. ಮಾಮೂಲಿ ಲಿಂಕ್‌ನಿಂದ ಎಷ್ಟು, ಎಐ ಉತ್ತರದೊಳಗಿನಿಂದ ಎಷ್ಟು ಅಂತ ಬೇರೆ ಮಾಡಿ ನೋಡುವ ಫಿಲ್ಟರ್ ನನ್ನ ಖಾತೆಯಲ್ಲಿ ಇಲ್ಲ. ಪುಟ ಬರೆದವರು ನಾವು, ಎಲೆ ಮಾರುವವರೂ ನಾವು. ಆ ಲೆಕ್ಕ ನಮಗೆ ಸಿಗಲೇಬೇಕು. ಅದು ಬಂದ ದಿನ ಐದನೇ ಸ್ಟಾರನ್ನೂ ಕೊಡುತ್ತೇನೆ.