ಚಕ್ರದ ಸ್ಪೇಸರ್ ಮತ್ತು ತಗ್ಗಿಸಿದ ಸಸ್ಪೆನ್ಷನ್: ಒಂದು ಎಚ್ಚರಿಕೆ

ಕಾರಿನ ಚಕ್ರಗಳನ್ನು ಮಡ್‌ಗಾರ್ಡಿನ ಅಂಚಿನವರೆಗೆ ಹೊರಗೆ ತಂದು, ಗಾಡಿಯನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಕೂರಿಸಬೇಕೆಂದು ಹೊರಟಿರುವವರು ದಯವಿಟ್ಟು ಹಣ ಕೊಡುವ ಮೊದಲು ಇದನ್ನು ಪೂರ್ತಿ ಓದಬೇಕು. ನನ್ನ ಕಾರಿಗೆ ಈ ಎರಡೂ ಕೆಲಸ ಒಟ್ಟಿಗೇ ಆದವು: ನಾಲ್ಕೂ ಚಕ್ರಗಳಿಗೆ 10 ಮಿ.ಮೀ. ದಪ್ಪದ ಸ್ಪೇಸರ್ (ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ಲೋಹದ ಬಿಲ್ಲೆ), ಜೊತೆಗೆ ಗಾಡಿಯನ್ನು 40 ಮಿ.ಮೀ. ತಗ್ಗಿಸುವ ಗಿಡ್ಡ ಸ್ಪ್ರಿಂಗ್. ಇದರಿಂದ ನೋಟವಷ್ಟೇ ಬದಲಾಗುತ್ತದೆ, ಓಡಾಟಕ್ಕೆ ಯಾವ ತೊಂದರೆಯೂ ಇಲ್ಲ ಎಂದು ಕೆಲಸ ಮಾಡಿದ ಗ್ಯಾರೇಜಿನವರು ಖಚಿತವಾಗಿ ಹೇಳಿದ್ದರು. ಅದು ನಿಜವಲ್ಲ.

ಮೊದಲು ಕಾಣಿಸಿಕೊಂಡದ್ದು ಸ್ಟೀರಿಂಗಿನ ನಡುಕ. ವೇಗ 80 ಕಿ.ಮೀ. ದಾಟುತ್ತಿದ್ದಂತೆ ಶುರುವಾಗುತ್ತಿದ್ದ ಆ ನಡುಕಕ್ಕೆ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದರೂ ಪರಿಹಾರ ಸಿಗಲಿಲ್ಲ. ಆಮೇಲೆ ಬ್ರೇಕ್ ಒತ್ತಿದಾಗ ಮುಂದಿನ ಎಡಬದಿಯಿಂದ ಟಕ್ ಎಂಬ ಸದ್ದು ಕೇಳತೊಡಗಿತು. ಬೇರೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಆ ಚಕ್ರ ಬಿಚ್ಚುವಾಗ ನನ್ನನ್ನು ಪಕ್ಕಕ್ಕೆ ಕರೆದು, ನಟ್ಟನ್ನು ಕೈಯಿಂದಲೇ ತಿರುಗಿಸಿ ತೋರಿಸಿದರು. ಐದೇ ಸುತ್ತಿಗೆ ನಟ್ಟು ಕಳಚಿ ಅವರ ಅಂಗೈಗೆ ಬಂತು. ಚಕ್ರವನ್ನು ಹಬ್‌ಗೆ ಬಿಗಿಯುವ ಸ್ಟಡ್ ಎಂಬ ಬೋಲ್ಟಿನ ತುದಿಯ ಥ್ರೆಡ್‌ಗಳು ಚಪ್ಪಟೆಯಾಗಿ ಹೊಳೆಯುತ್ತಿದ್ದವು, ಚಕ್ರದ ತೂತುಗಳು ತುಸು ಅಂಡಾಕಾರಕ್ಕೆ ತಿರುಗಿದ್ದವು, ಸ್ಪೇಸರ್‌ನ ಮೈಯಲ್ಲೆಲ್ಲ ಲೋಹ ಸವೆದ ಕಪ್ಪು ಪುಡಿ ಅಂಟಿತ್ತು.

ಇದರ ಲೆಕ್ಕ ಸರಳವಾದುದು. ನನ್ನ ಕಾರಿನ ಸ್ಟಡ್ 12 ಮಿ.ಮೀ. ವ್ಯಾಸದ್ದು, ಅದರ ಥ್ರೆಡ್ ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಸಾಗುತ್ತದೆ. ಸ್ಟಡ್‌ನ ವ್ಯಾಸ ಎಷ್ಟಿದೆಯೋ ಕನಿಷ್ಠ ಅಷ್ಟು ಉದ್ದ ನಟ್ಟಿನೊಳಗೆ ಹಿಡಿದಿರಬೇಕು ಎಂಬುದು ಎಲ್ಲರೂ ಪಾಲಿಸುವ ಅಳತೆ. ಎಂದರೆ ಪೂರ್ತಿ ಎಂಟು ಸುತ್ತು. ಐದು ಸುತ್ತೆಂದರೆ 7.5 ಮಿ.ಮೀ. ಮಾತ್ರ. ಸ್ಪೇಸರ್ ನುಂಗಿದ 10 ಮಿ.ಮೀ. ಜಾಗಕ್ಕೆ ತಕ್ಕಂತೆ ಉದ್ದನೆಯ ಸ್ಟಡ್ ಹಾಕಬೇಕಿತ್ತು, ಹಾಕಿರಲಿಲ್ಲ. ಚಕ್ರದ ಭಾರವನ್ನು ಸ್ಟಡ್‌ಗಳೇ ನೇರವಾಗಿ ಹೊರುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ; ವಾಸ್ತವದಲ್ಲಿ ನಟ್ಟುಗಳ ಬಿಗಿತದಿಂದ ಚಕ್ರ ಮತ್ತು ಹಬ್ ಒಂದಕ್ಕೊಂದು ಒತ್ತಿಕೊಂಡು, ಅವುಗಳ ನಡುವಿನ ಘರ್ಷಣೆಯೇ ಚಕ್ರವನ್ನು ಹಿಡಿದಿಡುತ್ತದೆ. ಆ ಬಿಗಿತ ಸಡಿಲವಾದರೆ ಚಕ್ರದ ಪ್ರತಿ ಸುತ್ತಿಗೂ ಸ್ಟಡ್ ಅತ್ತಿತ್ತ ಬಾಗಿ, ದಣಿದು, ಕೊನೆಗೆ ಮುರಿಯುತ್ತದೆ. ನನಗೆ ಹಾಕಿದ್ದ ಸ್ಪೇಸರ್ ಇನ್ನೊಂದು ರೀತಿಯಲ್ಲೂ ಕಳಪೆಯಾಗಿತ್ತು: ಹಬ್‌ನ ನಡುವಿನ ಉಬ್ಬಿಗೆ ಅದು ಸರಿಯಾಗಿ ಕೂರುತ್ತಿರಲಿಲ್ಲ, ಚಕ್ರವನ್ನು ನಡುವಿನಲ್ಲಿ ನಿಲ್ಲಿಸಲು ಅದಕ್ಕೆ ತನ್ನದೇ ಉಬ್ಬೂ ಇರಲಿಲ್ಲ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದಿದ್ದುದು ಅದಕ್ಕೇ.

ಸಸ್ಪೆನ್ಷನ್ ತಗ್ಗಿಸಿದ್ದರ ಪರಿಣಾಮ ತಿಳಿದದ್ದು ಟೈರುಗಳನ್ನು ಕಳಚಿ ನೋಡಿದಾಗ. ಹೊರಗಿನಿಂದ ಹೊಸದರಂತೆ ಕಾಣುತ್ತಿದ್ದ ಮುಂದಿನ ಟೈರಿನ ಒಳ ಅಂಚಿನಲ್ಲಿ ಕೈಯಾಡಿಸಿದರೆ ಉಕ್ಕಿನ ತಂತಿ ಬೆರಳಿಗೆ ಚುಚ್ಚಿತು. ಗಾಡಿ ಕೆಳಗಿಳಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕೆಳತೋಳು ಮತ್ತು ಚಕ್ರವನ್ನು ತಿರುಗಿಸುವ ಸ್ಟೀರಿಂಗಿನ ಟೈ ರಾಡ್ ಎರಡರ ಕೋನವೂ ಬದಲಾಗುತ್ತದೆ. ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದಲ್ಲದೆ ಅದು ನೋಡುವ ದಿಕ್ಕೂ ತಪ್ಪುತ್ತದೆ. ಟೈರನ್ನು ಬೇಗ ತಿನ್ನುವುದು ಮುಖ್ಯವಾಗಿ ಆ ದಿಕ್ಕಿನ ದೋಷ. ಸ್ಪ್ರಿಂಗ್ ಬದಲಿಸಿದ ಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಮತ್ತು ದಿಕ್ಕು ಸರಿಪಡಿಸುವುದು) ಮಾಡದೆ ಗಾಡಿಯನ್ನು ರಸ್ತೆಗೆ ಬಿಡುವುದನ್ನು ನಾನು ಶುದ್ಧ ಹೊಣೆಗೇಡಿತನ ಎನ್ನುತ್ತೇನೆ. ಹೆಡ್‌ಲೈಟಿನ ದಿಕ್ಕನ್ನೂ ಆಗಲೇ ಸರಿಪಡಿಸಬೇಕು. ತಗ್ಗಿದ ಗಾಡಿ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ನಂಬಿಕೆಯೂ ಎಲ್ಲ ಕಾರುಗಳಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರುಗಳಲ್ಲಿ ಗಾಡಿಯ ಮೈ ಇಳಿದಷ್ಟಕ್ಕಿಂತ ಹೆಚ್ಚಾಗಿ, ತಿರುವಿನಲ್ಲಿ ಅದು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಕೇಂದ್ರವೇ ಕೆಳಗಿಳಿಯಬಹುದು; ಆಗ ಗಾಡಿ ವಾಲುವುದು ಕಡಿಮೆಯಾಗದೆ ಹೆಚ್ಚಲೂಬಹುದು.

ಎರಡೂ ಬದಲಾವಣೆ ಸೇರಿದಾಗ ಆಗುವ ಅಪಾಯವನ್ನು ಯಾರೂ ಅಳೆದು ನೋಡುವುದಿಲ್ಲ. ತಗ್ಗಿಸಿದ್ದರಿಂದ ಟೈರು ಮಡ್‌ಗಾರ್ಡಿನೊಳಗೆ ಮೇಲೇರುತ್ತದೆ, ಸ್ಪೇಸರ್‌ನಿಂದ ಅದೇ ಟೈರು ಹೊರಕ್ಕೆ ಸರಿಯುತ್ತದೆ; ಬೇರೆಬೇರೆಯಾಗಿ ನೋಡಿದರೆ ಎರಡಕ್ಕೂ ಜಾಗವಿರುತ್ತದೆ, ಒಟ್ಟಿಗೆ ಬಂದಾಗ ಇರುವುದಿಲ್ಲ. ಗ್ಯಾರೇಜಿನಲ್ಲಿ ಖಾಲಿ ಗಾಡಿ ನೇರವಾಗಿ ನಿಂತಾಗ ಬೆರಳು ತೂರುವಷ್ಟು ಸಂದು ಕಂಡಿತ್ತು. ನಾಲ್ಕು ಜನ ಕುಳಿತು ರಸ್ತೆಯುಬ್ಬು ದಾಟಿದಾಗ ಹಿಂದಿನ ಟೈರು ಮಡ್‌ಗಾರ್ಡಿನ ಮಡಿಚಿದ ಅಂಚಿಗೆ ಉಜ್ಜಿ, ಟೈರಿನ ಪಕ್ಕದ ಗೋಡೆಯಲ್ಲಿ ಉದ್ದಕ್ಕೂ ಗೀರು ಬಿತ್ತು. ವೇಗವಾಗಿ ಹೋಗುವಾಗ ಆ ಗೀರು ಸೀಳಿದ್ದರೆ ಒಳಗಿದ್ದವರ ಗತಿ ಏನಾಗುತ್ತಿತ್ತು ಎಂಬ ಭಯ ಈಗಲೂ ನನ್ನನ್ನು ಬಿಟ್ಟಿಲ್ಲ.

ಚಕ್ರ ಹೊರಗೆ ಬರಲೇಬೇಕೆಂದಿದ್ದರೆ ತಕ್ಕ ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕೆ ಇರುವ ಅಂತರ, ಮಿ.ಮೀ.ಗಳಲ್ಲಿ) ಇರುವ ಚಕ್ರವನ್ನೇ ಕೊಳ್ಳಿ. 45ರ ಆಫ್‌ಸೆಟ್‌ಗೆ 10 ಮಿ.ಮೀ. ಸ್ಪೇಸರ್ ಸೇರಿದರೆ ಸಿಗುವುದು 35, ಆ ಅಳತೆಯ ಚಕ್ರ ನೇರವಾಗಿ ಸಿಕ್ಕರೆ ನಡುವೆ ಬಿಲ್ಲೆಯ ಅಗತ್ಯವೇ ಬೀಳುವುದಿಲ್ಲ. ಆದರೂ ಬೇರಿಂಗ್ ಮೇಲಿನ ಹೊರೆ ಹೆಚ್ಚುವುದು ತಪ್ಪುವುದಿಲ್ಲ, ಟೈರು ಉಜ್ಜುವ ಅಪಾಯವೂ ಹಾಗೆಯೇ ಉಳಿಯುತ್ತದೆ. ಈಗಾಗಲೇ ಸ್ಪೇಸರ್ ಹಾಕಿಸಿದವರು ಇಂದೇ ಗಾಡಿ ನಿಲ್ಲಿಸಿ, ಒಂದೊಂದೇ ನಟ್ಟು ಬಿಚ್ಚಿ ಸುತ್ತು ಎಣಿಸಬೇಕು, ಮತ್ತೆ ಹಾಕುವಾಗ ತಯಾರಕರು ಹೇಳಿದ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದಲೇ ಬಿಗಿದು, 50ರಿಂದ 100 ಕಿ.ಮೀ. ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ಸುತ್ತು ಕಡಿಮೆ ಬಂದರೆ ಸ್ಪೇಸರ್ ತೆಗೆದರೆ ಸಾಲದು. ಸಡಿಲವಾಗಿ ಓಡಿದ ಸ್ಟಡ್‌ನ ಬುಡದಲ್ಲಿ ಹುಟ್ಟಿದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಆ ಹಬ್‌ನ ಎಲ್ಲ ಸ್ಟಡ್‌ಗಳನ್ನೂ ನಟ್ಟುಗಳನ್ನೂ ಹೊಸದಾಗಿ ಹಾಕಿಸಿ, ತೂತು ಅಂಡಾಕಾರವಾದ ಚಕ್ರವನ್ನು ಮತ್ತೆ ಬಳಸಬೇಡಿ, ಯಾರಿಗೂ ಮಾರಲೂ ಬೇಡಿ.