ಪಟ್ಟಿ ಸೇವ್ ಆಗಲು ಏಳು ಸೆಕೆಂಡು: ಪಿ.ಜೆ. ಬಡಾವಣೆಯ ಒಂದು ಸರ್ವರ್ ರಿಪೇರಿ ಅಂಗಡಿ

ದಾವಣಗೆರೆ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಮಂಡಿಯಲ್ಲಿ 31 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದಿಂದ ಕಂಪ್ಯೂಟರಿಗೆ ಬಂದವನು. ನಾನು ಹೇಳಹೊರಟಿರುವ ಸರ್ವರ್ ರಿಪೇರಿ ಅಂಗಡಿಯ ಹೆಸರು ಹಾಕಬೇಡಿ ಎಂದು ಅದನ್ನು ನಡೆಸುವವರೇ ಕೇಳಿಕೊಂಡಿದ್ದಾರೆ. ಈಗಿರುವ ಕೆಲಸಕ್ಕೇ ಕೈ ಸಾಲುತ್ತಿಲ್ಲವಂತೆ. ಪಿ.ಜೆ. ಬಡಾವಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಸುವವರನ್ನು ಕೇಳಿದರೆ ಮೊದಲ ಮಹಡಿಯ ಆ ಕಿರಿದಾದ ಮೆಟ್ಟಿಲನ್ನು ಯಾರಾದರೂ ತೋರಿಸುತ್ತಾರೆ.

ನಮ್ಮ ತೊಂದರೆ ಇಷ್ಟು. ಮೆಕ್ಕೆಜೋಳದ ಸೀಸನ್ ಶುರುವಾದಾಗ ಒಂದು ಪಟ್ಟಿ, ಎಂದರೆ ರೈತನಿಗೆ ಕೊಡುವ ಮಾರಾಟದ ಬಿಲ್ಲು, ಸೇವ್ ಆಗಲು ಏಳು ಸೆಕೆಂಡು ಹಿಡಿಯತೊಡಗಿತು. ಏಳು ಸೆಕೆಂಡು ಯಾವ ದೊಡ್ಡ ವಿಷಯ ಎನ್ನಬೇಡಿ. ದಿನಕ್ಕೆ 400 ಪಟ್ಟಿ ಎಂದರೆ ಮುಕ್ಕಾಲು ಗಂಟೆ ಬರೀ ತಿರುಗುವ ಚಕ್ರ ನೋಡುವುದರಲ್ಲೇ ಹೋಗುತ್ತದೆ. ಎದುರಿಗೆ ತೂಕದ ಚೀಟಿ ಹಿಡಿದು ನಿಂತ ರೈತ, ಹೊರಗೆ ಲಾರಿಯವನ ಹಾರ್ನ್, ಹಮಾಲರ ಗದ್ದಲ. ಎಲ್ಲರ ಕಣ್ಣೂ ನನ್ನ ಬೆರಳಿನ ಮೇಲೆ.

ಆರು ವರ್ಷದ ಹಿಂದೆ ಸರ್ವರ್ ಮಾರಿದವರನ್ನೇ ಮೊದಲು ಕರೆಸಿದೆವು. ಅವರು ಆಂಟಿವೈರಸ್ ತೆಗೆದರು, ನೆಟ್‌ವರ್ಕ್ ಸ್ವಿಚ್ ಬದಲಿಸಿದರು, ವಿಂಡೋಸ್ ಹೊಸದಾಗಿ ಹಾಕಿದರು. ಪ್ರತಿ ಸಲವೂ ಬಿಲ್ಲು ಬಂತು, ವೇಗ ಬರಲಿಲ್ಲ. ಕೊನೆಗೆ ಹೊಸ ಸರ್ವರಿಗೆ ಎರಡೂಮುಕ್ಕಾಲು ಲಕ್ಷದ ಕೊಟೇಶನ್ ಕೈಗಿಟ್ಟರು. ಸಾಹುಕಾರರು ಅದನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟು, ‘ಬೇರೆ ಯಾರಾದರೂ ಇದ್ದಾರೇನು ನೋಡಿ’ ಎಂದರು.

ಹಾಗೆ ಈ ಅಂಗಡಿಯವರು ಬಂದರು. ಹರಿಹರದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಯಂತ್ರವನ್ನು ಮುಟ್ಟುವ ಮೊದಲೇ ಕೇಳಿದ ಪ್ರಶ್ನೆ: ‘ಸರ್, ಹಳೆಯ ಪಟ್ಟಿ ತೆರೆಯುವುದೂ ನಿಧಾನವೋ, ಹೊಸದನ್ನು ಸೇವ್ ಮಾಡುವುದು ಮಾತ್ರವೋ?’ ಎರಡು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೋದ ವರ್ಷದ ಪಟ್ಟಿಯೊಂದನ್ನು ತೆರೆದೆ, ತಕ್ಷಣ ಬಂತು. ಓದುವುದು ಸಲೀಸು, ಬರೆಯುವುದಷ್ಟೇ ಕಷ್ಟ. ‘ಹಾಗಾದರೆ ನೆಟ್‌ವರ್ಕಿನದಲ್ಲ, ಡಿಸ್ಕ್ ಕಡೆ ನೋಡೋಣ’ ಎಂದರು.

ಸರ್ವರಿನಲ್ಲೇ ಕುಳಿತು ದೊಡ್ಡದೊಂದು ಫೈಲನ್ನು ನಕಲು ಮಾಡಿದರು. ಆರಂಭದಲ್ಲಿ ವೇಗ ಭರ್ಜರಿಯಾಗಿ ಏರಿತು. ನಾನು ‘ಚೆನ್ನಾಗಿಯೇ ಇದೆಯಲ್ಲವ್ವಾ’ ಎನ್ನುವಷ್ಟರಲ್ಲಿ ಸೆಕೆಂಡಿಗೆ 14 ಎಂಬಿಗೆ ಬಿತ್ತು, ಅಲ್ಲೇ ಉಳಿಯಿತು. ಮೊದಲು ಕಂಡದ್ದು ವಿಂಡೋಸಿನ ಮೆಮೊರಿಯ ವೇಗ, ಡಿಸ್ಕಿನ ನಿಜವಾದ ವೇಗ ಈಗ ಕಾಣುತ್ತಿರುವುದು ಎಂದರು. ಆಮೇಲೆ ಸರ್ವರಿನ ಡಿಸ್ಕುಗಳನ್ನೆಲ್ಲ ಒಟ್ಟಿಗೆ ನಡೆಸುವ ರೇಡ್ ಕಾರ್ಡಿನ ತಂತ್ರಾಂಶ ತೆರೆದು ಎರಡು ಸಾಲು ತೋರಿಸಿದರು. ನಿಗದಿ ಮಾಡಿಟ್ಟ ಕ್ರಮ: ರೈಟ್ ಬ್ಯಾಕ್. ಈಗ ನಡೆಯುತ್ತಿರುವ ಕ್ರಮ: ರೈಟ್ ಥ್ರೂ. ಅದರ ಕೆಳಗೆ, ಬ್ಯಾಟರಿ ಕೆಟ್ಟಿದೆ.

ಯುಪಿಎಸ್ ಅಲ್ಲದೆ ಸರ್ವರಿನೊಳಗೇ ಇನ್ನೊಂದು ಬ್ಯಾಟರಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವರು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಕಚ್ಚಾ ಪುಸ್ತಕದ ಲೆಕ್ಕದಲ್ಲಿ. ಹಿಂದೆ ಸಂತೆಯ ದಿನ ಖಾತೆ ಪುಸ್ತಕ ತೆಗೆಯಲು ಪುರುಸೊತ್ತು ಎಲ್ಲಿರುತ್ತಿತ್ತು? ಬಂದದ್ದನ್ನೆಲ್ಲ ಕಚ್ಚಾ ಪುಸ್ತಕದಲ್ಲಿ ಗೀಚಿ ರೈತನಿಗೆ ‘ಆಯಿತು, ಹೋಗಿ ಬಾರಪ್ಪ’ ಎನ್ನುತ್ತಿದ್ದೆವು. ರಾತ್ರಿ ನಿಧಾನವಾಗಿ ಖಾತೆಗೆ ಏರಿಸುತ್ತಿದ್ದೆವು. ರೇಡ್ ಕಾರ್ಡಿನ ಮೆಮೊರಿಯೇ ಆ ಕಚ್ಚಾ ಪುಸ್ತಕ. ಕರೆಂಟು ಹೋದರೂ ಅದರಲ್ಲಿ ಬರೆದದ್ದು ಅಳಿಸದಂತೆ ಕಾಯುವುದು ಬ್ಯಾಟರಿ. ಬ್ಯಾಟರಿ ಸತ್ತರೆ ಕಾರ್ಡು ಕಚ್ಚಾ ಪುಸ್ತಕವನ್ನು ಬದಿಗಿಟ್ಟು, ಪ್ರತಿಯೊಂದನ್ನೂ ನೇರವಾಗಿ ಡಿಸ್ಕಿಗೆ ಬರೆದು ಮುಗಿಸಿದ ಮೇಲಷ್ಟೇ ‘ಆಯಿತು’ ಎನ್ನುತ್ತದೆ. ಕಚ್ಚಾ ಪುಸ್ತಕದ ಕ್ರಮ ರೈಟ್ ಬ್ಯಾಕ್, ಇದು ರೈಟ್ ಥ್ರೂ.

ಅದರ ಮೇಲೆ ನಮ್ಮದು ನಾಲ್ಕು ಡಿಸ್ಕಿನ ರೇಡ್ 5. ಅದರಲ್ಲಿ ಒಂದು ಡಿಸ್ಕ್ ಹಾಳಾದರೆ ಉಳಿದವುಗಳಿಂದ ಮರಳಿ ಪಡೆಯಲು ತಾಳೆ ಲೆಕ್ಕವೊಂದನ್ನು ಇಟ್ಟಿರುತ್ತದೆ, ಪ್ಯಾರಿಟಿ ಎನ್ನುತ್ತಾರೆ. ಚಿಕ್ಕದೊಂದು ಅಂಕಿ ಬದಲಿಸಬೇಕಾದರೂ ಹಳೆಯ ಅಂಕಿ ಓದಬೇಕು, ಹಳೆಯ ತಾಳೆ ಓದಬೇಕು, ಹೊಸ ಅಂಕಿ ಬರೆಯಬೇಕು, ಹೊಸ ತಾಳೆ ಬರೆಯಬೇಕು. ಒಂದು ಬರಹಕ್ಕೆ ನಾಲ್ಕು ಓಡಾಟ. ಡಿಸ್ಕು ತಿರುಗುವುದು ನಿಮಿಷಕ್ಕೆ 7,200 ಸುತ್ತು, ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಒಂದು ಪಟ್ಟಿ ಸೇವ್ ಮಾಡಿದರೆ ರೈತನ ಖಾತೆ, ಖರೀದಿದಾರನ ಖಾತೆ, ದಾಸ್ತಾನು, ಸೆಸ್, ಹಮಾಲಿ ಎಂದು ಹತ್ತಾರು ಕಡೆ ಬರೆಯಬೇಕು. ಐದು ಕಂಪ್ಯೂಟರಿನಿಂದ ಒಮ್ಮೆಲೇ ಬರೆದರೆ ಏಳು ಸೆಕೆಂಡಾಗದೆ ಇನ್ನೇನು?

ನನಗೆ ನಾಚಿಕೆಯಾದದ್ದು ಆಮೇಲೆ. ಬೆಳಗ್ಗೆ ಸರ್ವರ್ ಶುರು ಮಾಡಿದಾಗ ಕಪ್ಪು ಪರದೆಯಲ್ಲಿ ನಾಲ್ಕೈದು ಸಾಲು ಇಂಗ್ಲಿಷ್ ಬಂದು ನಿಲ್ಲುತ್ತಿತ್ತು. ನಮ್ಮ ಹುಡುಗ ಊದುಬತ್ತಿ ಹಚ್ಚಿ, ಒಂದು ಕೀಲಿ ಒತ್ತಿ, ಗಲ್ಲಾದ ಮುಂದೆ ನೀರು ಚಿಮುಕಿಸುತ್ತಿದ್ದ. ಅದೂ ಪೂಜೆಯ ಒಂದು ಭಾಗವೆಂಬಂತೆ ನಡೆದಿತ್ತು. ಆ ಸಾಲುಗಳಲ್ಲಿ ಬರೆದಿದ್ದದ್ದೇ ಬ್ಯಾಟರಿ ಕೆಟ್ಟಿದೆ ಎಂದು! ಹಿಂದಿನ ಸರ್ವಿಸಿನವರು ಬಂದು ಹೋದ ಮೇಲೆ ಆ ಸಾಲು ಬರುವುದೇ ನಿಂತಿತು. ನಾವು ಅದೊಂದಾದರೂ ಸರಿಹೋಯಿತು ಎಂದುಕೊಂಡಿದ್ದೆವು. ಎಚ್ಚರಿಕೆ ಇನ್ನು ಮುಂದೆ ತೋರಿಸಬೇಡ ಎಂಬ ಕೀಲಿ ಒತ್ತಿದ್ದಾರೆ, ಅಷ್ಟೇ.

ಬ್ಯಾಟರಿ ಬೆಂಗಳೂರಿನಿಂದ ಬರಲು ಮೂರು ದಿನ ಬೇಕಿತ್ತು. ಬ್ಯಾಟರಿ ಇಲ್ಲದಿದ್ದರೂ ಬಲವಂತವಾಗಿ ರೈಟ್ ಬ್ಯಾಕ್ ಹಾಕಬಹುದೆಂದು ಸಾಹುಕಾರರ ಮಗ ಮೊಬೈಲಿನಲ್ಲಿ ಓದಿಕೊಂಡು ಬಂದ. ಹಾಕಬಹುದು, ಆದರೆ ನಾನು ಹಾಕುವುದಿಲ್ಲ ಎಂದರು ಆ ಹೆಣ್ಣುಮಗಳು. ಯುಪಿಎಸ್ ಕೈಕೊಟ್ಟ ದಿನ ಸೇವ್ ಆಗಿದೆ ಎಂದು ತೋರಿಸಿದ ಪಟ್ಟಿಗಳೇ ಇರುವುದಿಲ್ಲ, ರೈತನ ಕೈಯಲ್ಲಿ ಕಾಗದ ಇರುತ್ತದೆ, ನಿಮ್ಮಲ್ಲಿ ಲೆಕ್ಕ ಇರುವುದಿಲ್ಲ. ಸಾಹುಕಾರರಿಗೆ ಇದು ಚೆನ್ನಾಗಿ ಅರ್ಥವಾಯಿತು. ಬದಲಿಗೆ, ಮಧ್ಯಾಹ್ನ 12ಕ್ಕೆ ಓಡುತ್ತಿದ್ದ ಬ್ಯಾಕಪ್ಪನ್ನು ರಾತ್ರಿ 11ಕ್ಕೆ ಹಾಕಿಕೊಟ್ಟರು. ಅದರಿಂದಲೇ ಏಳು ಸೆಕೆಂಡು ನಾಲ್ಕಕ್ಕೆ ಇಳಿಯಿತು.

ಭಾನುವಾರ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಒಂದು ಪದರ ಮೆಕ್ಕೆಜೋಳದ ಧೂಳು. ಹಳೆಯ ಬ್ಯಾಟರಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಹೊಟ್ಟೆ ಉಬ್ಬಿತ್ತು. ನಮ್ಮ ಹಿಂದಿನ ಕೋಣೆಯ ಏಪ್ರಿಲ್ ಸೆಕೆಗೆ ಅದು ಇಷ್ಟು ವರ್ಷ ಬಾಳಿದ್ದೇ ಹೆಚ್ಚಂತೆ. ಹೊಸದನ್ನು ಹಾಕಿ ಅವರು ಹೊರಟುಹೋದರು. ಒಂದು ಪಟ್ಟಿ ಹೊಡೆದು ನೋಡಿದೆ, ಮತ್ತೆ ಅದೇ ನಾಲ್ಕು ಸೆಕೆಂಡು. ರೇಗಿ ಫೋನ್ ಮಾಡಿದರೆ ನಗುತ್ತಾರೆ: ‘ಬ್ಯಾಟರಿ ಚಾರ್ಜ್ ಆಗುವವರೆಗೆ ಕಾರ್ಡು ಅದನ್ನು ನಂಬುವುದಿಲ್ಲ ಸರ್, ರಾತ್ರಿ ನೋಡಿ.’ ಸೋಮವಾರ ಬೆಳಗ್ಗೆ ಸೇವ್ ಒತ್ತಿ ಎಂದಿನಂತೆ ಕೈ ಕಟ್ಟಿದೆ. ಕಟ್ಟುವ ಮೊದಲೇ ಪಟ್ಟಿ ಪ್ರಿಂಟರಿನಲ್ಲಿತ್ತು.

ಖರ್ಚು ಒಟ್ಟು 6,300 ರೂಪಾಯಿ. ಕೊಟೇಶನ್ ಇನ್ನೂ ಗಲ್ಲಾದ ಕೆಳಗೇ ಇದೆ.

ದೂರುಗಳೂ ಇವೆ. ಫೋನ್ ಎತ್ತುವುದಿಲ್ಲ, ಮೂರು ಸಲ ಮಾಡಿದರೆ ಒಮ್ಮೆ. ಹನ್ನೊಂದಕ್ಕೆ ಬರುತ್ತೇನೆಂದರೆ ಒಂದು ಗಂಟೆ ಎಂದು ತಿಳಿಯಬೇಕು. ಎಲ್ಲಕ್ಕಿಂತ ದೊಡ್ಡದು, ಎಲ್ಲವನ್ನೂ ಬಾಯಿಮಾತಿನಲ್ಲಿ ಹೇಳುವುದು. ನಾಲ್ಕರಲ್ಲಿ ಮೂರನೆಯ ಡಿಸ್ಕು ಸವೆಯುತ್ತಿದೆ, ಬದಲಿಸಿ ಎಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದರಂತೆ. ಸೀಸನ್ನಿನ ಗಡಿಬಿಡಿಯಲ್ಲಿ ನನಗೆ ಮರೆತೇಹೋಯಿತು, ಬಿಲ್ಲಿನಲ್ಲಿ ಒಂದಕ್ಷರ ಇಲ್ಲ. ಇಂಥದ್ದನ್ನು ಬರೆದುಕೊಡಬೇಡವೇ?

ಆ ಡಿಸ್ಕಿನ ವಿಷಯದಲ್ಲೂ ಒಂದು ಕಿವಿಮಾತು ಸಿಕ್ಕಿತು. ಅಗ್ಗವೆಂದು ಎಸ್‌ಎಂಆರ್ ಜಾತಿಯ ಡಿಸ್ಕು ತರಬೇಡಿ ಎಂದರು. ಅದರಲ್ಲಿ ಬರಹದ ಸಾಲುಗಳು ನಾಡಹೆಂಚಿನಂತೆ ಒಂದರ ಮೇಲೊಂದು ಅರ್ಧ ಕುಳಿತಿರುತ್ತವಂತೆ. ನಡುವಿನ ಹೆಂಚು ಬದಲಿಸಲು ಮೇಲಿನವನ್ನು ಸರಿಸಿ ಮತ್ತೆ ಹೊದಿಸಬೇಕಾದ ಹಾಗೆ, ಒಂದನ್ನು ತಿದ್ದಿದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕಾಸು ಉಳಿಸಲು ಹೋಗಿ ಮತ್ತೆ ಅದೇ ನಿಧಾನಕ್ಕೆ ಬರುತ್ತೇವೆ. ಯುಗಾದಿ ಕಳೆದು ಆವಕ ಇಳಿದ ಮೇಲೆ ನಾಲ್ಕನ್ನೂ ರೇಡ್ 10ಕ್ಕೆ ಬದಲಿಸೋಣ ಎಂದಿದ್ದಾರೆ. ಅದರಲ್ಲಿ ತಾಳೆ ಲೆಕ್ಕವಿಲ್ಲ, ಪ್ರತಿಯೊಂದನ್ನೂ ಎರಡು ಡಿಸ್ಕಿನಲ್ಲಿ ಬರೆದಿಡುತ್ತದೆ. ಜಾಗ 6 ಟಿಬಿಯಿಂದ 4ಕ್ಕೆ ಇಳಿಯುತ್ತದೆ. ನಾವು ಇಷ್ಟು ವರ್ಷದಲ್ಲಿ ತುಂಬಿಸಿರುವುದು 300 ಜಿಬಿ.

ಹೋಗುವವರು ಸ್ಕೂಟರನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಅಂಗಡಿಯ ಮುಂದೆ ಜಾಗವಿಲ್ಲ. ಮಂಗಳವಾರ ರಜೆ. ಹೇಳಿದ್ದನ್ನು ಬರೆಸಿಕೊಳ್ಳಲು ಒಂದು ಚೀಟಿ ನೀವೇ ಒಯ್ಯಿರಿ.